ದಾನಿಯೇಲ್ ಮಾಸ್ತರರ ಆರನೇ ಅಧ್ಯಾಯ

ಹೋದ ತಿಂಗಳು ಸಿಂಧನೂರಿನಲ್ಲಿ ಒಂದು ಮದುವೆಗೆಂದು ರಾಯಚೂರಿನಿಂದ ಹೊರಟಿದ್ದೆ. ಮಾನ್ವಿ ದಾಟಿ ಬಸ್ಸು ಪೋತ್ನಾಳದಲ್ಲಿ ನಿಂತಾಗ ಕಿಟಕಿಯಿಂದ ಅಕ್ಕಿ ಗಿರಣಿಯ ವಾಸನೆ ಒಳಗೆ ಬಂತು. ಆವಿಯಲ್ಲಿ ಬೆಂದ ಭತ್ತದ ವಾಸನೆ ಅದು, ಒಂದಿಷ್ಟು ಹುಳಿ, ಅದರ ಹಿಂದೆ ಸುಡುವ ಹೊಟ್ಟಿನ ಹೊಗೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಶೇಂಗಾ ಸುಲಿದು ತಿನ್ನುತ್ತಲೇ ಇದ್ದಳು. ಆ ರಸ್ತೆಯ ಮಂದಿಗೆ ಆ ವಾಸನೆ ಲೆಕ್ಕಕ್ಕೇ ಇಲ್ಲ. ನಾನು ಮಾತ್ರ ಸೆರಗನ್ನು ಮೂಗಿಗೆ ಒತ್ತಿ ಹಿಡಿದು ಬಸ್ಸು ಹೊರಡುವುದನ್ನೇ ಕಾದೆ. ದಾನಿಯೇಲ್ ಮಾಸ್ತರರು ತೀರಿಕೊಂಡು ಆಗಲೇ ಎರಡು ಮಳೆಗಾಲ ಕಳೆದಿವೆ. ಆದರೂ ಅವರ ಮನೆಯಲ್ಲಿ ನಾನು ಕಳೆದ ಆ ಒಂದು ವರ್ಷ, ಇಷ್ಟು ಸಣ್ಣ ನೆಪ ಸಿಕ್ಕರೂ ಸಾಕು, ಬಂದು ಎದುರಿಗೆ ಕುಳಿತುಬಿಡುತ್ತದೆ.

ಆಗ ನಾನು ಮಾನ್ವಿಯ ಒಂದು ಪಿಯು ಕಾಲೇಜಿನಲ್ಲಿ ಕನ್ನಡ ಕಲಿಸುವ ಅತಿಥಿ ಉಪನ್ಯಾಸಕಿ. ನಮ್ಮದು ರಾಯಚೂರಿನ ವೈಷ್ಣವ ಮನೆತನ. ಅಪ್ಪ ಸಂಸ್ಕೃತ ಮಾಸ್ತರರು, ಚಿಕ್ಕಪ್ಪ ಮಠದಲ್ಲಿ ಪೂಜೆಗಿದ್ದವರು. ದಿನಾ ಬಸ್ಸಿನಲ್ಲಿ ಹೋಗಿ ಬಂದು ಬೆನ್ನು ಹಿಡಿದುಕೊಂಡಾಗ ಮಾನ್ವಿಯಲ್ಲೇ ಕೋಣೆ ಹುಡುಕಿದೆ. ಸಿಕ್ಕಿದ್ದು ನಿವೃತ್ತ ಶಾಲಾ ಮಾಸ್ತರ ದಾನಿಯೇಲ್ ಅವರ ಮನೆಯ ಮಹಡಿ. ಹೊರಗಿನಿಂದಲೇ ಮೆಟ್ಟಿಲು, ಒಂದು ಕೋಣೆ, ಒಲೆ ಇಡಲು ಒಂದು ಕಟ್ಟೆ.

"ಕಿರಿಸ್ತಾನರ ಮನಿ ಆತಲ್ಲ" ಎಂದಳು ಅವ್ವ ಫೋನಿನಲ್ಲಿ. ಹಿಂದಿನಿಂದ ಅಪ್ಪನ ದನಿ ಕೇಳಿಸಿತು: "ಮಾಸ್ತರ ಮನಿ ಅದ. ಓದೋ ಮಂದಿ. ಇರ್ಲಿ ಬಿಡು."

ಓದುವ ಮಂದಿಯೇನೋ ಹೌದು, ಆದರೆ ಮಾಸ್ತರರಿಗೆ ಓದಲು ಆಗುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು ತಿಳಿಯುತ್ತಿತ್ತು, ಎದುರಿಗೆ ಯಾರೋ ನಿಂತದ್ದು ತಿಳಿಯುತ್ತಿತ್ತು, ಅಷ್ಟೇ. ಆಪರೇಷನ್ ಮಾಡಿಸಿಕೊಳ್ಳಿರೆಂದು ಎಲ್ಲರೂ ಹೇಳಿ ಸೋತಿದ್ದರು. ರಾಯಚೂರಿನ ಕಡೆ ಹೋಗುವ ಮಾತೆತ್ತಿದರೆ ಮುಖ ಗಂಟು ಹಾಕುತ್ತಿದ್ದರು. ಯಾಕೆಂದು ಆಮೇಲೆ ತಿಳಿಯಿತು.

ನಾನು ಹೋದ ವಾರದಲ್ಲೇ ಅವರ ಹೆಂಡತಿ ಎಸ್ತೇರಮ್ಮ ಮೆಟ್ಟಿಲು ಹತ್ತಿ ಬಂದು ಕೇಳಿದರು. "ಯವ್ವಾ, ನೀ ತಪ್ಪು ತಿಳೀಲಾರ್ದಂಗಿದ್ರ ಒಂದು ಮಾತು. ಇವರಿಗೆ ಸಂಜಿ ಮುಂದ ನಾಕು ಸಾಲು ಸತ್ಯವೇದ ಓದಿ ಹೇಳ್ತಿಯೇನು? ನಾ ಓದಿದ್ರ ಅಕ್ಷರ ಅಕ್ಷರಕ್ಕೂ ತಪ್ಪು ಹಿಡೀತಾರ."

ಹೀಗೆ ಶುರುವಾಯಿತು. ಕಾಲೇಜಿನಿಂದ ಬಂದು ಚಹಾ ಕುಡಿದು ಕೆಳಗಿನ ಪಡಸಾಲೆಯಲ್ಲಿ ಕುಳಿತು ಬೈಬಲ್ ಓದುತ್ತಿದ್ದೆ. ಮಾಸ್ತರರು ಕಣ್ಣು ಮುಚ್ಚಿ, ಎರಡೂ ಕೈ ಮೊಣಕಾಲ ಮೇಲಿಟ್ಟು ಕೇಳುತ್ತಿದ್ದರು. ನಾನು ಒಂದು ಒತ್ತಕ್ಷರ ನುಂಗಿದರೂ ಬೆರಳೆತ್ತುತ್ತಿದ್ದರು. ಭಾನುವಾರ ಮಧ್ಯಾಹ್ನ ಅವರ ಚರ್ಚಿನ ಸಭೆಯ ಏಳೆಂಟು ಜನ ಅಲ್ಲಿಗೆ ಬರುತ್ತಿದ್ದರು. ನಾನು ಓದಬೇಕು, ಮಾಸ್ತರರು ಅರ್ಥ ಹೇಳಬೇಕು. ಬೇರೆ ಮತದ ಹುಡುಗಿ ಓದುವುದು ಯಾರಿಗೂ ಅಡ್ಡಿಯಾದಂತೆ ಕಾಣಲಿಲ್ಲ.

ಆ ವರ್ಷ ಮುಂಗಾರು ತಡವಾಗಿತ್ತು. ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಗುವ ಹೊತ್ತಿಗೆ ನಾವು ಆದಿಕಾಂಡದ ಆರನೇ ಅಧ್ಯಾಯಕ್ಕೆ ಬಂದೆವು. ಜಲಪ್ರಳಯದ ಕಥೆಗೆ ಮೊದಲು ಅಲ್ಲೊಂದು ನಾಲ್ಕು ವಚನಗಳ ತುಣುಕಿದೆ. ಭೂಮಿಯ ಮೇಲೆ ಜನ ಹೆಚ್ಚಾದರು, ಅವರಿಗೆ ಹೆಣ್ಣುಮಕ್ಕಳು ಹುಟ್ಟಿದರು. ಅವರ ಚೆಲುವನ್ನು ಕಂಡು ದೇವಪುತ್ರರು ತಮಗೆ ಮನಸ್ಸಾದವರನ್ನು ಮದುವೆಯಾದರು. ಆ ಕಾಲದಲ್ಲಿ ಭೂಮಿಯ ಮೇಲೆ ದೈತ್ಯರಂಥವರಿದ್ದರು. ಇಷ್ಟೇ. ಈ ದೇವಪುತ್ರರು ಯಾರು, ಎಲ್ಲಿಂದ ಬಂದರು, ಒಂದೂ ಹೇಳದೆ ಕಥೆ ಮುಂದೆ ಹೋಗಿಬಿಡುತ್ತದೆ.

ಮೊದಲು ಬಾಯಿಬಿಟ್ಟವನು ಜಯರಾಜ. ಎಸ್ತೇರಮ್ಮನವರ ಅಣ್ಣನ ಮಗ, ದೇವದುರ್ಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಪ್ರತಿ ಭಾನುವಾರ ಮೋಟಾರ್ ಸೈಕಲ್ ಹೊಡೆದುಕೊಂಡು ಬರುತ್ತಿದ್ದ.

"ಮಾವಾ, ಇವರು ದೇವದೂತರೇ ಅದಾರ. ಮ್ಯಾಲಿನ ಜಾಗ ಬಿಟ್ಟು ಇಳದು ಬಂದ್ರು. ಅದಕ್ಕೇ ಹುಟ್ಟಿದ ಮಕ್ಕಳು ಅಷ್ಟು ದೊಡ್ಡೋರಾದ್ರು. ಮನಷ್ಯಾರಿಗೆ ಮನಷ್ಯಾರು ಹುಟ್ಟಿದ್ರ ಅದನ್ನ ಯಾಕ ಬರೀತಿದ್ರು? ಮೊಬೈಲ್‌ನಾಗ ಭಾಳ ಮಂದಿ ಹಿಂಗ ಹೇಳ್ಯಾರ."

"ಮೊಬೈಲ್ ನಿನ್ನ ಅಂಗಡ್ಯಾಗ ಇಡು" ಎಂದರು ಮಾಸ್ತರರು. "ದೇವದೂತರಿಗೆ ಮದಿವಿ ಇಲ್ಲಂತ ಸ್ವಾಮಿನೇ ಹೇಳ್ಯಾನ. ಮದಿವಿ ಇಲ್ಲದೋರಿಗೆ ಹೆಂಡ್ರು ಎಲ್ಲಿಂದ ಬರ್ತಾರ? ಆದಾಮನಿಗೆ ಸೇತ ಅಂತ ಒಬ್ಬ ಮಗ. ಅವನ ವಂಶ ದೇವರ ಹೆಸರು ಹಿಡದು ನಡೀತು. ಅವರೇ ದೇವಪುತ್ರರು. ಒಡಹುಟ್ಟಿದ ತಮ್ಮನ್ನ ಕೊಂದ ಕಾಯಿನನದು ಇನ್ನೊಂದು ವಂಶ. ಇವರು ಅವರ ಮನಿ ಹೆಣ್ಣಿನ ಅಂದ ನೋಡಿ ಹೋದ್ರು. ಒಳಗಿನೋರು ಹೊರಗಿನೋರ ಜೋಡಿ ಕೂಡಿದ್ರು. ಮುಂದಿನದು ಪ್ರಳಯ. ಇದರಾಗ ಗುಟ್ಟೇನೂ ಇಲ್ಲ."

ಅಂದು ರಾಯಚೂರಿನಿಂದ ಬಂದಿದ್ದ ಸಭಾಪಾಲಕರೊಬ್ಬರು ಮೆಲ್ಲಗೆ ಇನ್ನೊಂದು ಮಾತು ಸೇರಿಸಿದರು. ಹಳೆಯ ಕಾಲದ ಅರಸರು ತಮ್ಮನ್ನು ತಾವೇ ದೇವರ ಮಕ್ಕಳೆಂದು ಕರೆದುಕೊಳ್ಳುತ್ತಿದ್ದರು. ಕಣ್ಣಿಗೆ ಬಿದ್ದ ಹೆಣ್ಣನ್ನು ಎತ್ತಿಕೊಂಡು ಹೋಗುವ ದೊಡ್ಡ ಮಂದಿಯ ಕಥೆ ಇದು ಎಂದು ತಿಳಿದವರೂ ಇದ್ದಾರೆ ಎಂದರು. ಮಾಸ್ತರರು ನೊಣ ಓಡಿಸಿದಂತೆ ಕೈ ಬೀಸಿದರು.

ನನಗೆ ಖುಷಿಯೇ ಆಯಿತು. ಒಂದು ಪದಕ್ಕೆ ಎರಡು ಅರ್ಥ ಹಿಡಿದು ಅಪ್ಪ, ಚಿಕ್ಕಪ್ಪ ಊಟದ ಎಲೆ ಮುಂದೆ ಜಗಳಾಡಿ ಎದ್ದದ್ದನ್ನು ನೋಡಿ ಬೆಳೆದವಳು ನಾನು. ಅನ್ನ ಆರುವುದರೊಳಗೆ ಇಬ್ಬರೂ ಮರಳಿ ಬಂದು ಕೂಡುತ್ತಿದ್ದರು. ಇದೂ ಅಂಥದೇ ಇರಬೇಕು ಎಂದುಕೊಂಡೆ. ಆದರೆ ಮುಂದಿನ ಭಾನುವಾರ ಮಾಸ್ತರರು ಅದೇ ನಾಲ್ಕು ವಚನ ಓದಿಸಿದರು. ಅದರ ಮುಂದಿನ ಭಾನುವಾರವೂ ಅದೇ. ಬರುವವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳತೊಡಗಿದರು.

ಎಸ್ತೇರಮ್ಮ ಪುಂಡಿಪಲ್ಲೆಯ ಸೊಪ್ಪು ಸೋಸುತ್ತ ಒಂದು ದಿನ ನನಗೆ ಎಲ್ಲ ಹೇಳಿದರು. ಅವರಿಗೊಬ್ಬ ಮಗಳು, ಕೃಪಾ. ನರ್ಸಿಂಗ್ ಓದಿ ರಾಯಚೂರಿನ ದವಾಖಾನೆಯಲ್ಲಿ ಕೆಲಸಕ್ಕಿದ್ದಳು. ಪೋತ್ನಾಳದ ಅಕ್ಕಿ ಗಿರಣಿಯ ಬಸವಂತಪ್ಪನವರ ತಾಯಿ ಅಲ್ಲಿ ಬಹಳ ದಿನ ಮಲಗಿದ್ದರು. ಮುದುಕಿಯನ್ನು ನೋಡಲು ಬರುತ್ತಿದ್ದ ಮೊಮ್ಮಗ ಶರಣಬಸವನಿಗೂ ಕೃಪಾಳಿಗೂ ಮನಸ್ಸು ಕೂಡಿತು. ಲಿಂಗಾಯತರ ಮನೆ. ಎರಡೂ ಕಡೆ ಹೇಳಿ ನೋಡಿ, ಕೊನೆಗೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದರು.

"ಗಿರಣಿ ಮಂದಿ ವರ್ಷ ತುಂಬೋದ್ರಾಗ ಸಮಾಧಾನ ಆದ್ರು. ಇವರು ಆಗಲಿಲ್ಲ" ಎಂದರು ಎಸ್ತೇರಮ್ಮ. "ಆ ವಾರನೇ ಸಭಾದಾಗ ಎದ್ದು ನಿಂತು, ನನ್ನ ಮಗಳ ಹೆಸರು ಹೊಡದು ಹಾಕ್ರಿ, ಆಕಿ ನಮ್ಮಾಕಿ ಅಲ್ಲ ಅಂದ್ರು. ಯಾರೂ ಕೇಳಿದ್ದಿಲ್ಲ, ತಾವೇ ಹೇಳಿದ್ರು. ಅವತ್ತಿಂದ ಈ ಅಧ್ಯಾಯ ಬಂದಾಗೆಲ್ಲ ಹಿಂಗ ಹಿಡದು ನಿಲ್ತಾರ. ನೀ ಓದಿದಾಕಿ, ನೀನೇ ಹೇಳು. ಹೆಂಗ ಓದಿದ್ರೂ ಅಲ್ಲಿ ಇಳದು ಹೋದೋರು ಗಂಡಸ್ರು. ನನ್ನ ಮಗಳಿಗೆ ಅದು ಹೆಂಗ ಹತ್ತತದ?"

ನನ್ನ ಉತ್ತರಕ್ಕೆ ಅವರು ಕಾಯಲಿಲ್ಲ. ಸೋಸಿದ ಸೊಪ್ಪನ್ನು ಬುಟ್ಟಿಗೆ ತುಂಬಿಕೊಂಡು ಒಳಗೆ ಹೋದರು.

ಸಂತೆಯ ದಿನ ಎಸ್ತೇರಮ್ಮ ಮಗಳನ್ನು ನೋಡುತ್ತಾರೆಂಬುದು ಆಮೇಲೆ ತಿಳಿಯಿತು. ಕೃಪಾ ಪೋತ್ನಾಳದಿಂದ ಬಸ್ಸು ಹಿಡಿದು ಬರುತ್ತಿದ್ದಳು. ಸಂತೆಯ ಬಳೆ ಅಂಗಡಿಗಳ ಹಿಂದೆ ಒಂದು ಬೇವಿನ ಗಿಡ, ಅದರ ಕೆಳಗೆ ತಾಯಿ ಮಗಳು ಅರ್ಧ ತಾಸು ಕೂಡುತ್ತಿದ್ದರು. ಒಂದು ಸಲ ನನ್ನನ್ನೂ ಕರೆದೊಯ್ದರು. ತೆಳ್ಳಗಿನ, ಎತ್ತರದ ಹೆಣ್ಣುಮಗಳು. ಐದನೆಯದೋ ಆರನೆಯದೋ ತಿಂಗಳಿತ್ತು. ಮೈ ಸ್ವಲ್ಪ ಊದಿದಂತಿತ್ತು, ಮಾತು ಮಾತ್ರ ಚುರುಕು.

"ನೀವೇ ಏನ್ರಿ ಅಪ್ಪಗ ಓದಿ ಹೇಳೋರು? ಈಗ ಏನು ನಡದದ?"

"ಆದಿಕಾಂಡ, ಆರನೇ ಅಧ್ಯಾಯ" ಎಂದೆ, ಸುಳ್ಳು ಹೇಳಲು ಬಾರದೆ.

ಆಕೆ ನಕ್ಕಳು. ತಾಯಿ ತಂದ ಬೆಲ್ಲದುಂಡೆಯನ್ನು ಮುರಿದು ನನಗರ್ಧ ಕೊಟ್ಟು ಹೇಳಿದಳು. "ಇನ್ನೂ ದಾಟಿಲ್ಲೇನು ಅದನ್ನ? ನಿಮಗೊಂದು ಹೇಳ್ತೀನಿ ಕೇಳ್ರಿ. ನಾ ಸಣ್ಣಾಕಿದ್ದಾಗ ಅಪ್ಪ ನನ್ನ ತೊಡಿ ಮ್ಯಾಲ ಕುಂದ್ರಿಸ್ಕೊಂಡು ಇದೇ ಕತಿ ಹೇಳ್ತಿದ್ದ. ಆವಾಗ ಅವರು ದೇವದೂತರೇ ಇದ್ರು. ಭೂಮಿ ಮ್ಯಾಲಿನ ಹುಡುಗ್ಯಾರು ಅಷ್ಟು ಚಂದ ಇದ್ರಂತ, ಮ್ಯಾಲಿಂದ ನೋಡಿ ನೋಡಿ ತಡಕೊಳ್ಳಾಕ ಆಗಲಾರ್ದ ಸ್ವರ್ಗ ಬಿಟ್ಟು ಇಳದ್ರಂತ. ನನ್ನಂಗ ಇದ್ರಾ ಅಪ್ಪಾ ಅಂತ ಕೇಳ್ತಿದ್ದೆ. ನಿನಗಿಂತ ಒಂಚೂರು ಕಮ್ಮಿ ಅಂತಿದ್ದ."

ಎಸ್ತೇರಮ್ಮ ಮುಖ ಆಚೆ ತಿರುಗಿಸಿದರು. ಕೃಪಾ ಕೈಗೆ ಹತ್ತಿದ ಬೆಲ್ಲವನ್ನು ಒರೆಸಿಕೊಂಡು ಬಸ್ಸಿಗೆ ಎದ್ದಳು.

ಶ್ರಾವಣದಲ್ಲಿ ಮಳೆ ಹಿಡಿಯಿತು. ನಮ್ಮ ಕಡೆ ಅಪರೂಪಕ್ಕೆ ಬರುವ ಜಿಟಿಜಿಟಿ ಮಳೆ, ಕಪ್ಪು ಮಣ್ಣು ಚಪ್ಪಲಿಗೆ ಸೇರುಗಟ್ಟಲೆ ಅಂಟುವಂಥದು. ಅಂಥ ಒಂದು ಭಾನುವಾರ ಪಡಸಾಲೆಯಲ್ಲಿ ಎಂದಿನ ಜನ ಕುಳಿತಿದ್ದರು. ನಾನು ಓದುತ್ತಿದ್ದೆ. ಬಾಗಿಲ ಪರದೆ ಸರಿಯಿತು. ಕೃಪಾ ಒಳಗೆ ಬಂದು ಚೌಕಟ್ಟಿಗೆ ಆತು ನಿಂತಳು. ಸೀರೆಯ ಅಂಚಿನಿಂದ ನೀರು ಸೋರುತ್ತಿತ್ತು.

"ಯಾರವ್ವಾ ಅದು? ಒಳಗ ಬಾ, ಕುಂದ್ರು" ಎಂದರು ಮಾಸ್ತರರು ಆ ಕಡೆ ಮುಖ ಮಾಡಿ.

ಯಾರೂ ಉಸಿರೆತ್ತಲಿಲ್ಲ. ಕೃಪಾ ತುಟಿಯ ಮೇಲೆ ಬೆರಳಿಟ್ಟು, ಓದು ಎಂಬಂತೆ ನನಗೆ ಕೈಸನ್ನೆ ಮಾಡಿದಳು. ನಾನು ಓದಿದೆ. ಮಾಸ್ತರರು ಎಂದಿನಂತೆ ಅರ್ಥ ಹೇಳಿದರು, ಸೇತನ ವಂಶ, ಕಾಯಿನನ ವಂಶ, ಒಳಗಿನವರು, ಹೊರಗಿನವರು. ಹೊರಗೆ ಹೋದವರನ್ನು ದೇವರೇ ಬಿಟ್ಟುಬಿಟ್ಟ ಎಂದರು. ಆ ಮಾತಿಗೆ ನಾನು ಒಮ್ಮೆ ತಲೆಯೆತ್ತಿ ಬಾಗಿಲ ಕಡೆ ನೋಡಿ, ಮತ್ತೆ ಪುಸ್ತಕಕ್ಕೆ ಕಣ್ಣಿಟ್ಟೆ.

"ಅಪ್ಪಾ" ಎಂದಳು ಕೃಪಾ.

ಮಾಸ್ತರರ ಕೈಗಳು ಮೊಣಕಾಲ ಮೇಲೆ ಗಟ್ಟಿಯಾದವು.

"ಅಪ್ಪಾ, ನಿನಗೊಂದು ಮಾತು ಹೇಳಬೇಕಾಗಿತ್ತು. ಅದಕ್ಕ ಬಂದೆ."

"ತಂಗಿ, ಮುಂದಿಂದು ಓದು" ಎಂದರು ಅವರು ನನಗೆ.

ಮುಂದಿನದು ಪ್ರಳಯ. ನಾನು ಓದಲಿಲ್ಲ. ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡೆ. "ಜಯರಾಜಾ, ನೀ ಓದು" ಎಂದರು. ಜಯರಾಜ ಅತ್ತೆಯ ಮುಖ ನೋಡಿದ, ಕೃಪಾಳ ಮುಖ ನೋಡಿದ. ಕೊನೆಗೆ ಮಾವನ ಮಾತು ಮೀರಲಾರದೆ ಫೋನು ತೆಗೆದು ಅದರಲ್ಲಿ ನೋಡಿ ಓದಿದ. ನೋಹನು ನಾವೆ ಕಟ್ಟಿದ್ದು, ಪ್ರಾಣಿಗಳು ಜೋಡಿ ಜೋಡಿಯಾಗಿ ಬಂದದ್ದು, ದೇವರು ಹೊರಗಿನಿಂದ ಬಾಗಿಲು ಮುಚ್ಚಿದ್ದು. ಅಷ್ಟು ಹೊತ್ತೂ ಕೃಪಾ ನಿಂತೇ ಇದ್ದಳು. ಬಾಗಿಲು ಮುಚ್ಚಿದ ವಚನ ಮುಗಿದ ಮೇಲೆ ಪರದೆ ಸರಿಸಿಕೊಂಡು ಹೊರಟುಹೋದಳು. ಎಸ್ತೇರಮ್ಮ ಬರಿಗಾಲಲ್ಲಿ ಹಿಂದೆ ಓಡಿದರು. ಬಸ್ ನಿಲ್ದಾಣದವರೆಗೂ ಕೇಳಿದರಂತೆ, ಏನು ಹೇಳಬೇಕಾಗಿತ್ತು, ನನಗರ ಹೇಳು ಎಂದು. "ಅಪ್ಪಗ ಹೇಳೋದು ಅದ, ಅವ್ವಾ. ಇನ್ನೊಮ್ಮೆ ಬರ್ತೀನಿ" ಎಂದಳಂತೆ.

ಇನ್ನೊಮ್ಮೆ ಬರಲಾಗಲಿಲ್ಲ. ಭತ್ತ ತೆನೆ ಹಾಕಿ ಬಾಗುವ ಹೊತ್ತಿಗೆ ರಕ್ತದ ಒತ್ತಡ ಏರಿತು. ಕಾಲು ಊದಿ, ಕಣ್ಣು ಮಂಜಾಗಿ, ಅವಧಿಗೆ ಮೊದಲೇ ರಾಯಚೂರಿಗೆ ಒಯ್ದರು. ವೈದ್ಯರು ಮಾಡುವುದನ್ನೆಲ್ಲ ಮಾಡಿದರು. ಹೆಣ್ಣು ಮಗು ಉಳಿಯಿತು, ಕೃಪಾ ಉಳಿಯಲಿಲ್ಲ.

ಸುದ್ದಿ ಫೋನಿನಲ್ಲಿ ಬಂತು. ಮಧ್ಯಾಹ್ನದ ಹೊತ್ತಿಗೆ ಆಂಬುಲೆನ್ಸ್ ಬಂದು ಮನೆಯ ಮುಂದೆ ನಿಂತಿತು. ಪೋತ್ನಾಳಕ್ಕೆ ಹೋಗುವ ದಾರಿಯಲ್ಲಿ ಮಾನ್ವಿ ಸಿಗುತ್ತದೆ. ಬಸವಂತಪ್ಪನವರು ಇಳಿದು ಒಳಗೆ ಬಂದರು. ಬಿಳಿ ಧೋತರ, ಹಣೆಯ ಮೇಲೆ ಅಳಿಸಿಹೋದ ವಿಭೂತಿ. ಅದುವರೆಗೂ ಆ ಮನೆಯ ಹೊಸ್ತಿಲು ತುಳಿಯದ ಮನುಷ್ಯ ಮಾಸ್ತರರ ಎದುರು ನೆಲದ ಮೇಲೆ ಕುಳಿತರು.

"ಮಾಸ್ತರ್ರ, ಒಂದು ಮಾತು ಕೇಳಾಕ ಬಂದೀನಿ. ಲಿಂಗ ಕಟ್ಟಿಸ್ಕೊ ತಾಯಿ ಅಂತ ನಾವು ಕೇಳಿದ್ವಿ. ಒಲ್ಲೆ ಅಂದ್ಲು. ಒತ್ತಾಯ ಮಾಡಲಿಲ್ಲ. ದಿನಾ ಮುಂಜಾನೆ ಗಿರಣಿ ಮಾಳಿಗಿ ಮ್ಯಾಲ ಕುಂತು ತನ್ನ ಪ್ರಾರ್ಥನಿ ಮಾಡ್ಕೊಂತಿದ್ಲು. ಕೊಳ್ಳಾಗ ನಿಮ್ಮ ಶಿಲುಬಿನೇ ಅದ, ಈಗೂ. ನಿಮ್ಮ ಮಣ್ಣಿಗೆ ತಗೋತೀರೋ, ನಮ್ಮ ಹೊಲದಾಗ ಇಡಬೇಕೋ? ನೀವು ಹೇಳಿದಂಗ ಆಗಲಿ."

ಮಗಳು ಮತ ಬಿಟ್ಟುಹೋದಳೆಂದೇ ಮಾಸ್ತರರು ಎರಡು ವರ್ಷ ನಂಬಿದ್ದರು. ಯಾರನ್ನೂ ಕೇಳಿ ನೋಡಿರಲಿಲ್ಲ.

ಸಭೆಯ ಹಿರಿಯರನ್ನು ಕರೆಸಿದರು. ಅಂಗಳದಲ್ಲಿ ಮಾತು ನಡೆಯಿತು. ಹೆಸರು ಹೊಡೆದು ಹಾಕಿದವರಿಗೆ ಸಮಾಧಿ ಭೂಮಿಯಲ್ಲಿ ಜಾಗ ಕೊಡುವ ರೂಢಿಯಿಲ್ಲ ಎಂದು ಒಬ್ಬರು. ಇದ್ದರೂ ಈಗ ಅದನ್ನೆಲ್ಲ ಯಾರು ಕೇಳುತ್ತಾರೆ, ಮಾಸ್ತರರೇ ಒಂದು ಮಾತು ಹೇಳಿದರೆ ಆಯಿತು ಎಂದು ಇನ್ನೊಬ್ಬರು. ಎಲ್ಲರೂ ಮಾಸ್ತರರ ಮುಖ ನೋಡಿದರು. ಅವರು ಬೆನ್ನು ನೆಟ್ಟಗೆ ಮಾಡಿ ಕುಳಿತೇ ಇದ್ದರು. "ನೀವು ಹೊಡಸಿದ ಹೆಸರು ನೀವೇ ಬರಸ್ರಿ" ಎಂದು ಎಸ್ತೇರಮ್ಮ ಅವರ ಭುಜ ಹಿಡಿದು ಅಲುಗಾಡಿಸಿದರು. ಆ ಮನುಷ್ಯನಿಗೆ ಕೇಳಿಸಿತೋ ಇಲ್ಲವೋ. ಆಂಬುಲೆನ್ಸಿನಲ್ಲಿ ಶರಣಬಸವ ಹೆಂಡತಿಯ ಕಾಲ ಬಳಿ ಕುಳಿತಿದ್ದ. ಬಿಸಿಲು ಇಳಿಯುತ್ತಿತ್ತು.

ಕೊನೆಗೆ ಬಸವಂತಪ್ಪನವರೇ ಎದ್ದರು. "ಇರ್ಲಿ ಬಿಡ್ರಿ. ನಮ್ಮ ಮನಿ ಸೊಸಿ. ನಮ್ಮ ಹೊಲದಾಗ ಇರ್ತಾಳ" ಎಂದರು.

ನಾವೆಲ್ಲ ಪೋತ್ನಾಳಕ್ಕೆ ಹೋದೆವು. ಗಿರಣಿಯ ಹಿಂದಿನ ಹೊಲ, ಭತ್ತದ ಗದ್ದೆಯ ಬದುವಿಗೆ ಹೊಂದಿಕೊಂಡು ಕುಣಿ ತೋಡಿದ್ದರು. ಗಿರಣಿ ನಿಲ್ಲಿಸಿದ್ದರೂ ಆವಿಯ ತೊಟ್ಟಿಯೊಳಗೆ ಬೆಳಿಗ್ಗೆ ಹಾಕಿದ ಭತ್ತ ಇನ್ನೂ ಬೇಯುತ್ತಿತ್ತು, ಅದರ ವಾಸನೆ ಹೊಲದ ತುಂಬ ಹರಡಿತ್ತು. ಲಿಂಗವಿಲ್ಲದ ದೇಹಕ್ಕೆ ಏನು ಹೇಳಲಿ ಎಂದು ಅವರ ಕಡೆಯ ಜಂಗಮ ಅಯ್ಯನವರು ದೂರ ನಿಂತರು. ಚರ್ಚಿನ ಹಿರಿಯರು ಇನ್ನೂ ದೂರ. ಜಯರಾಜ ಮುಂದೆ ಹೋಗಿ ಮೊಣಕಾಲೂರಿ ತನಗೆ ತಿಳಿದ ಪ್ರಾರ್ಥನೆ ಹೇಳಿದ. ಮಧ್ಯದಲ್ಲಿ ಅವನಿಗೆ ಮಾತು ತಪ್ಪಿತು. ಆಗ ಅಯ್ಯನವರು ಬಂದು ಅವನ ಬೆನ್ನ ಮೇಲೆ ಕೈಯಿಟ್ಟು ನಿಂತರು.

ಮಾಸ್ತರರು ಬದುವಿನ ಮೇಲೆ ನನ್ನ ತೋಳು ಹಿಡಿದು ನಿಂತಿದ್ದರು. ಅವರಿಗೆ ಕಾಣುವಂತಿರಲಿಲ್ಲ. ಮಣ್ಣು ಬೀಳುವ ಸದ್ದು ಶುರುವಾದಾಗ ನನ್ನ ಕಡೆ ಬಾಗಿ ಕೇಳಿದರು.

"ತಂಗಿ, ಹೆಂಗ ಇಟ್ರು? ಅವರ ಪದ್ಧತಿಯಂಗ ಕುಂದ್ರಿಸಿದ್ರೋ, ಮಲಗಿಸಿದ್ರೋ?"

"ಮಲಗಿಸ್ಯಾರ ಮಾಸ್ತರ್ರ. ಪೆಟ್ಟಿಗ್ಯಾಗ. ನಿಮ್ಮ ಪದ್ಧತಿಯಂಗೇ."

"ಅವರಿಗೆ ಯಾರು ಹೇಳಿದ್ರು ಹಂಗ ಮಾಡ್ರಿ ಅಂತ?"

"ಯಾರೂ ಹೇಳಿಲ್ರಿ" ಎಂದೆ. ಅವರ ಬೆರಳುಗಳು ನನ್ನ ತೋಳಿನಲ್ಲಿ ನಾಟಿದವು.

ಆಮೇಲಿನ ವಾರಗಳಲ್ಲಿ ಅವರು ಸಭಾಪಾಲಕರ ಅರ್ಥ ಹಿಡಿದರು. ಕೇಳಲು ಯಾರಿದ್ದರೂ ಸರಿ, ಇಲ್ಲದಿದ್ದರೂ ಸರಿ. "ದೊಡ್ಡ ಮಂದಿ ಅದಾರ ಅವರು. ರೊಕ್ಕ ಇದ್ದೋರು, ಗಿರಣಿ ಇದ್ದೋರು. ಕಣ್ಣಿಗೆ ಬಂದದ್ದು ಎತ್ಗೊಂಡು ಹೋದ್ರು. ದೇವಪುತ್ರರಂತ, ದೇವಪುತ್ರರು." ಭಾನುವಾರದ ಜನ ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಜಯರಾಜನೊಬ್ಬ ಬರುತ್ತಿದ್ದ. ಗಾಳಿಗೆ ಬಾಗಿಲ ಪರದೆ ಅಲುಗಿದರೆ ಮಾಸ್ತರರು ಮಾತು ನಿಲ್ಲಿಸಿ ಆ ಕಡೆ ತಿರುಗಿ, "ಯಾರವ್ವಾ ಅದು? ಒಳಗ ಬಾ, ಕುಂದ್ರು" ಎನ್ನುತ್ತಿದ್ದರು. ಆಮೇಲೆ ಕಿವಿಗೊಟ್ಟು ಕಾಯುತ್ತಿದ್ದರು. ನಾವು ಯಾರೂ ಅಲ್ಲಿ ಯಾರೂ ಇಲ್ಲವೆಂದು ಹೇಳುತ್ತಿರಲಿಲ್ಲ. ನನಗೂ ಆ ಪರದೆಯ ಕಡೆ ನೋಡಲು ಧೈರ್ಯವಾಗುತ್ತಿರಲಿಲ್ಲ. ಕೆಲವು ಸಲ ಚೌಕಟ್ಟಿನ ಕೆಳಗಿನ ಕಲ್ಲು ಒದ್ದೆಯಾದಂತೆ ಕಾಣುತ್ತಿತ್ತು. ಎಸ್ತೇರಮ್ಮ ನೆಲ ಒರೆಸಿರಬಹುದು.

ಕೊಯ್ಲು ಮುಗಿದ ಮೇಲೆ ಒಂದು ದಿನ ಶರಣಬಸವ ಬಂದ. ಗಡ್ಡ ಬೆಳೆದಿತ್ತು, ಅಂಗಿಯ ತುಂಬ ತೌಡಿನ ಧೂಳು. ಮನೆಯ ಮುಂದಿನ ಕಟ್ಟೆಯ ಮೇಲೆ ಮಾವನಿಂದ ಒಂದು ಮಾರು ದೂರ ಕುಳಿತ. ಮಾಸ್ತರರು ಯಾರೆಂದು ಕೇಳಿದರು, ಅವನು ಹೆಸರು ಹೇಳಿದ. ಇನ್ನೇನು ಕೂಗಾಡುತ್ತಾರೆ ಎಂದು ನಾನು ಮೆಟ್ಟಿಲ ಮೇಲೆ ನಿಂತೆ.

"ಮಾವಾರ, ಜಗಳಕ್ಕ ಬಂದಿಲ್ಲ" ಎಂದ ಅವನು. "ಒಂದು ಕೇಳಬೇಕಿತ್ತು. ಅವತ್ತು ಮಳ್ಯಾಗ ಆಕಿ ನಿಮ್ಮ ಹತ್ರ ಬಂದಿದ್ಲಲ್ಲ, ಏನು ಹೇಳಿದ್ಲು ನಿಮಗ? ಹೋಗಬೇಕಾದ್ರ ನನಗೂ ಹೇಳಲಿಲ್ಲ. ಅಪ್ಪಗ ಮೊದಲು ಹೇಳಿ ಬಂದು ನಿನಗ ಹೇಳ್ತೀನಿ ಅಂದ್ಲು. ಬಂದ ಮ್ಯಾಲೆ ಸುಮ್ನ ಮಲಗಿಬಿಟ್ಲು. ನಾನೂ ಒತ್ತಾಯ ಮಾಡಲಿಲ್ಲ. ಈಗ ಅದೊಂದೇ ತಲ್ಯಾಗ ಕೊರಿತದ."

ಅಳಿಯನಿಗಾದರೂ ಗೊತ್ತಿರಬೇಕು ಎಂಬ ಒಂದು ಆಸೆ ಮಾಸ್ತರರಿಗೆ ಅಲ್ಲಿಯವರೆಗೂ ಇತ್ತೆಂದು ಆಗ ಅವರ ಮುಖ ನೋಡಿ ನನಗೆ ತಿಳಿಯಿತು.

"ನಾ ಕೇಳಲಿಲ್ಲಪ್ಪಾ" ಎಂದರು. "ಆಕಿ ಹೇಳ್ತೀನಿ ಅಂದ್ಲು. ನಾ ಕೇಳಲಿಲ್ಲ."

ಶರಣಬಸವ ತಲೆ ತಗ್ಗಿಸಿ ಅತ್ತ. ಸದ್ದು ಮಾಡದೆ ಅಳಲು ಹೋಗಿ ಆಗದೆ, ಬಿಕ್ಕಿ ಬಿಕ್ಕಿ ಅತ್ತ. ಮಾಸ್ತರರು ಕೈ ಚಾಚಿ ಗಾಳಿಯಲ್ಲಿ ತಡಕಾಡಿದರು. ಅವನು ಅದನ್ನು ನೋಡಲಿಲ್ಲವೋ ಏನೋ, ಸರಿದು ಹತ್ತಿರ ಬರಲಿಲ್ಲ. ಎಸ್ತೇರಮ್ಮ ಒಳಗಿನಿಂದ ಚಹಾ ತಂದಿಟ್ಟರು. ಅಂದಿನಿಂದ ದೊಡ್ಡ ಮಂದಿಯ ಮಾತು ಮಾಸ್ತರರ ಬಾಯಲ್ಲಿ ಬರಲಿಲ್ಲ. ನನ್ನನ್ನು ಓದು ಎಂದೂ ಕೇಳಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ತಾವಾಗಿಯೇ ಕಣ್ಣಿನ ಆಪರೇಷನ್ ಆಗಬೇಕೆಂದರು. ಜಯರಾಜ ರಾಯಚೂರಿಗೆ ಕರೆದೊಯ್ದ. ಮೊದಲು ಒಂದು ಕಣ್ಣು, ಮುಂದಿನ ತಿಂಗಳು ಇನ್ನೊಂದು. ಕಪ್ಪು ಕನ್ನಡಕ ಹಾಕಿಕೊಂಡು ಮರಳಿದರು. ಪಟ್ಟಿ ಬಿಚ್ಚಿದ ಮೇಲೆ ನೇರ ಪೋತ್ನಾಳಕ್ಕೆ ಹೋಗಿ ಮೊಮ್ಮಗಳನ್ನು ನೋಡಿದರು. ಕೂಸು ಕೃಪಾಳಂತೆ ಇದೆಯೆಂದು ಎಸ್ತೇರಮ್ಮ ಅಂದರೆ, "ಇರಬೇಕು" ಎಂದಷ್ಟೇ ಅಂದರಂತೆ. ಹೊಲಕ್ಕೂ ಹೋಗಿ ಬದುವಿನ ಮೇಲೆ ಕುಳಿತು ಬಂದರಂತೆ.

ಅವರ ತಿರುಗಾಟ ಶುರುವಾದದ್ದು ಆಗ. ಶ್ರಾವಣದ ಆ ಭಾನುವಾರ ಪಡಸಾಲೆಯಲ್ಲಿ ಕುಳಿತಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಹುಡುಕಿಕೊಂಡು ಹೋದರು. ಒಬ್ಬರು ಕವಿತಾಳದಲ್ಲಿ ಮಗನ ಮನೆಯಲ್ಲಿದ್ದರು, ಅಲ್ಲಿಗೂ ಬಸ್ಸು ಹತ್ತಿದರು. ಎಲ್ಲರನ್ನೂ ಕೇಳಿದ್ದು ಒಂದೇ ಪ್ರಶ್ನೆ. ಅವತ್ತು ಕೃಪಾ ಬಾಗಿಲಲ್ಲಿ ನಿಂತಿದ್ದಾಗ ಆಕೆಯ ಮುಖ ಹೇಗಿತ್ತು?

ಜನ ತಮಗೆ ತೋಚಿದ್ದು ಹೇಳಿದರು. ಕೆಲವರು ಮುದುಕನಿಗೆ ಸಮಾಧಾನವಾಗಲೆಂದು ಹೇಳಿದ್ದೂ ಇರಬಹುದು. ನಾನು ಮಾನ್ವಿ ಬಿಡುವ ದಿನ, ಪರೀಕ್ಷೆ ಮುಗಿದು, ಟ್ರಂಕು ಕೆಳಗಿಳಿಸಿ ಆಟೋ ಕಾಯುತ್ತಿದ್ದಾಗ ಅವರು ಕಟ್ಟೆಯ ಮೇಲಿನಿಂದ ನನ್ನನ್ನು ಕರೆದರು. ಅಲ್ಲಿಯವರೆಗೂ ನನ್ನನ್ನು ಕೇಳಿರಲಿಲ್ಲ.

"ಜಯರಾಜ ಅಂತಾನ, ಆಕಿ ನಗ್ತಾ ನಿಂತಿದ್ಲು. ಎಸ್ತೇರಿ ಅಂತಾಳ, ಅಳ್ತಿದ್ಲು, ಮಳಿ ನೀರಿನಾಗ ಯಾರಿಗೂ ಗೊತ್ತಾಗಲಿಲ್ಲ ಅಂತ. ಕವಿತಾಳದಾಕಿ ಹೇಳಿದ್ಲು, ಸಿಟ್ಟು ಇತ್ತು, ಕಣ್ಣು ಕೆಂಪಾಗಿದ್ವು. ಇನ್ನೊಬ್ರು ಅಂತಾರ, ಹೆದರಿದ್ಲು. ಅದೇ ಮುಖ, ಅದೇ ಹೊತ್ತು. ನೀ ಓದಾಕತ್ತಿದ್ದಿ, ಖರೆ. ಒಂದು ಸಲರ ತಲಿ ಎತ್ತಿರಬೇಕಲ್ಲ. ನೀ ಏನು ನೋಡಿದಿ, ತಂಗಿ?"

ಆಟೋ ಬಂದು ನಿಂತಿತು. ಎಸ್ತೇರಮ್ಮ ಸ್ವಲ್ಪ ಇರಪ್ಪಾ ಎಂದು ಅವನಿಗೆ ಕೈ ಮಾಡಿದರು. ನಾನು ಮಾಸ್ತರರ ಪಕ್ಕ ಕುಳಿತೆ. ಸಮಾಧಾನ ಹೇಳಬಹುದಿತ್ತು. ಆದರೆ ಅವರು ಕಪ್ಪು ಕನ್ನಡಕ ತೆಗೆದು, ಹೊಸದಾಗಿ ತಿಳಿಯಾದ ಕಣ್ಣುಗಳಿಂದ ನನ್ನನ್ನೇ ನೋಡುತ್ತಿದ್ದರು. ಆ ಕಣ್ಣುಗಳ ಎದುರು ಸುಳ್ಳು ಹೇಳಲು ಆಗಲಿಲ್ಲ.

"ಮಾಸ್ತರ್ರ, ನಕ್ಕಿದ್ದೋ ಅತ್ತಿದ್ದೋ ನನಗ ಗೊತ್ತಿಲ್ರಿ. ಆಕಿ ನಿಮ್ಮ ಕಣ್ಣು ನೋಡಾಕತ್ತಿದ್ರು. ತಲಿ ಒಂಚೂರು ವಾರಿ ಮಾಡಿ, ಮೊದಲು ಒಂದು ಕಣ್ಣು, ಆಮ್ಯಾಲೆ ಇನ್ನೊಂದು. ದವಾಖಾನ್ಯಾಗ ನರ್ಸ್ ಮಂದಿ ಪೊರಿ ಬಂದ ಕಣ್ಣು ನೋಡ್ತಾರಲ್ಲ, ಹಂಗ. ನೀವು ಅರ್ಥ ಹೇಳಾಕತ್ತಿದ್ರಿ, ಆಕಿ ಅದನ್ನ ಕೇಳ್ತಿದ್ರೋ ಇಲ್ಲೋ."

ರಸ್ತೆಯಲ್ಲಿ ಭತ್ತದ ಚೀಲ ಹೇರಿದ ಟ್ರ್ಯಾಕ್ಟರೊಂದು ಹೋಯಿತು, ಅದು ತಿರುವು ದಾಟುವವರೆಗೂ ಮಾಸ್ತರರು ಆ ಕಡೆಯೇ ನೋಡಿದರು. ಆಮೇಲೆ ಕನ್ನಡಕವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಅದೂ ಇರಬಹುದು" ಎಂದರು.